ಹಾಲು ತಣ್ಣಗಾಗಲು ಮುಂಬೈ ಅಪ್ಪಣೆ ಬೇಕೇ?

(ಹಾಸನದಲ್ಲಿ ಸಣ್ಣ ವ್ಯಾಪಾರಿಗಳು, ಹೋಟೆಲ್ ನಡೆಸುವವರು, ಹಾಲಿನ ಸೊಸೈಟಿ ಸೆಕ್ರೆಟರಿಗಳು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮೈಕು ಕೈಕೊಟ್ಟ ಹತ್ತು ನಿಮಿಷ ಇದರಲ್ಲಿಲ್ಲ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವ ಮುಂಚೆ ಎದುರಿನ ಅಂಗಡಿಯಲ್ಲಿ ಒಂದು ಟೀ ಕುಡಿದೆ. ಹನ್ನೆರಡು ರೂಪಾಯಿ. ಫೋನಿನಲ್ಲಿ ಸ್ಕ್ಯಾನ್ ಮಾಡಿದೆ. ಅಂಗಡಿಯವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಟೀ ಎತ್ತಿ ಸುರಿಯುತ್ತಾ ಇದ್ದರು. ಎರಡು ಸೆಕೆಂಡಿನಲ್ಲಿ ಗಲ್ಲಾಪೆಟ್ಟಿಗೆ ಪಕ್ಕದ ಡಬ್ಬಿ 'ಹನ್ನೆರಡು ರೂಪಾಯಿ ಬಂದಿದೆ' ಎಂದು ಕೂಗಿತು. ಆಗ 'ಹ್ಞಾಂ, ಆಯ್ತು ಸಾರ್' ಎಂದರು. ಅವರು ನಂಬಿದ್ದು ನನ್ನನ್ನಲ್ಲ, ಆ ಡಬ್ಬಿಯನ್ನು.

ಆಹ್ವಾನ ಪತ್ರಿಕೆಯಲ್ಲಿ ಇವತ್ತಿನ ವಿಷಯಕ್ಕೆ ಭಾರೀ ಹೆಸರು ಕೊಟ್ಟಿದ್ದಾರೆ. 'ವ್ಯವಹಾರದಲ್ಲಿ ಸ್ಮಾರ್ಟ್ ಸಾಧನಗಳು ಮತ್ತು ಕ್ಲೌಡ್ ಕಂಪ್ಯೂಟಿಂಗ್'. ಓದಿ ನನಗೇ ಹೆದರಿಕೆಯಾಯಿತು. ನಾನು ಆ ಟೀ ಅಂಗಡಿಯಿಂದಲೇ ಶುರು ಮಾಡುತ್ತೇನೆ. ಆಮೇಲೆ ಹಾಲಿಗೆ ಬರುತ್ತೇನೆ. ಹಾಸನಕ್ಕೆ ಬಂದು ಹಾಲಿನ ಮಾತು ಎತ್ತದೆ ಹೋದರೆ ನಮ್ಮವ್ವ ರಾತ್ರಿ ಊಟಕ್ಕೆ ಕರೆಯುವುದಿಲ್ಲ. ಅವಳು ಈಗಲೂ ಎರಡು ಹೊತ್ತು ಡೇರಿಗೆ ಹಾಲು ಹಾಕುತ್ತಾಳೆ. ನಾನು ಬೆಂಗಳೂರಿನಲ್ಲಿ ಕೂತು ಇಂಥ ಡಬ್ಬಿಗಳ ಒಳಗಿನ ಸಾಫ್ಟ್‌ವೇರ್ ಬರೆಯುತ್ತೇನೆ. ಇಬ್ಬರ ಕೆಲಸಕ್ಕೂ ನೆಂಟಸ್ತಿಕೆ ಇದೆ ಅನ್ನುವುದು ಅವಳಿಗೆ ಇನ್ನೂ ಪೂರ್ತಿ ನಂಬಿಕೆಯಾಗಿಲ್ಲ.

ಆ ಸೌಂಡ್ ಬಾಕ್ಸ್ ಬಿಚ್ಚಿದರೆ ಒಳಗೆ ಏನಿರುತ್ತದೆ? ಒಂದು ಸಿಮ್, ಒಂದು ಚಿಕ್ಕ ಚಿಪ್, ಬ್ಯಾಟರಿ, ಸ್ಪೀಕರ್. ಅಷ್ಟೇ. 'ಹನ್ನೆರಡು', 'ನೂರು', 'ರೂಪಾಯಿ' ಎಂಬ ದನಿಯ ತುಂಡುಗಳನ್ನು ಸಾಮಾನ್ಯವಾಗಿ ಮೊದಲೇ ತುಂಬಿ ಇಟ್ಟಿರುತ್ತಾರೆ. ಮೊತ್ತ ಬಂದ ಮೇಲೆ ಡಬ್ಬಿ ಅವನ್ನು ಹೂವಿನ ಹಾಗೆ ಪೋಣಿಸಿ ನುಡಿಸುತ್ತದೆ. ನಿಮ್ಮ ಬ್ಯಾಂಕು ಯಾವುದು, ನಿಮ್ಮ ಖಾತೆಯಲ್ಲಿ ಎಷ್ಟಿದೆ, ಟೀ ಕುಡಿದವನು ಯಾರು, ಅದಕ್ಕೆ ಒಂದೂ ಗೊತ್ತಿಲ್ಲ. ಇದನ್ನು ನಾವು ಸ್ಮಾರ್ಟ್ ಅನ್ನುತ್ತೇವೆ. ನಿಜ ಹೇಳಬೇಕೆಂದರೆ ಇದಕ್ಕಿಂತ ಪೆದ್ದು ಸಾಮಾನು ಆ ಅಂಗಡಿಯಲ್ಲಿ ಇನ್ನೊಂದಿರಲಿಲ್ಲ. ಟೀ ಸೋಸುವ ಬಟ್ಟೆಗಾದರೂ ಏನನ್ನು ಬಿಡಬೇಕು, ಏನನ್ನು ತಡೆಯಬೇಕು ಎಂಬ ತಿಳಿವಳಿಕೆ ಇದೆ.

ಬುದ್ಧಿ ಇರುವುದು ಬೇರೆ ಕಡೆ. ನಾನು ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ನನ್ನ ಆ್ಯಪ್‌ನಿಂದ ಸುದ್ದಿ ಎನ್‌ಪಿಸಿಐಗೆ ಹೋಯಿತು. ಯುಪಿಐ ನಡೆಸುವ ಮುಂಬೈಯ ಸಂಸ್ಥೆ ಅದು. ಅದು ನನ್ನ ಬ್ಯಾಂಕಿಗೆ ಹೇಳಿ ದುಡ್ಡು ಕಡಿಸಿತು. ಅಂಗಡಿಯವರ ಬ್ಯಾಂಕಿಗೆ ಹೇಳಿ ಜಮಾ ಮಾಡಿಸಿತು. 'ಆಯಿತು' ಎಂಬ ಮಾತು ಆ ಡಬ್ಬಿ ಕೊಟ್ಟ ಕಂಪನಿಯ ದೂರದ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಬಂತು. ಸರ್ವರು ಡಬ್ಬಿಗೆ ಹೇಳಿತು. ಡಬ್ಬಿ ಕೂಗಿತು. ಇಷ್ಟೂ ಟೀ ಆರುವ ಮುಂಚೆ.

ಯುಪಿಐ ಶುರುವಾಗಿದ್ದು 2016ರಲ್ಲಿ. ಪೇಟಿಎಂನವರು ಸೌಂಡ್ ಬಾಕ್ಸ್ ತಂದಿದ್ದು 2019ರಲ್ಲಿ. ನಮ್ಮ ಬೆಂಗಳೂರಿನ ಫೋನ್‌ಪೇ ಆಮೇಲೆ ಬಂತು, ಕಿಚ್ಚ ಸುದೀಪ್ ದನಿಯಲ್ಲೂ ಕೂಗಿಸಿತು. ನಡುವಿನ ಮೂರು ವರ್ಷ ಅಂಗಡಿಯವರು ಏನು ಮಾಡುತ್ತಿದ್ದರು, ನೆನಪಿದೆಯಾ? ಗಿರಾಕಿ ಫೋನ್ ತಿರುಗಿಸಿ ಹಸಿರು ಟಿಕ್ ತೋರಿಸುತ್ತಿದ್ದ. ನಂಬಬೇಕಿತ್ತು. ನಿನ್ನೆಯ ಸ್ಕ್ರೀನ್‌ಶಾಟ್ ತೋರಿಸಿ ಬಿರಿಯಾನಿ ತಿಂದು ಹೋದವರಿದ್ದಾರೆ. (ಸಭೆಯಲ್ಲಿ ಒಬ್ಬರು: 'ನಮ್ಮಲ್ಲೂ ಆಗಿದೆ ಸಾರ್, ನಾಲ್ಕು ಪ್ಲೇಟು.') ಈಗ 2025ರ ಆಗಸ್ಟ್ ತಿಂಗಳೊಂದರಲ್ಲೇ ಯುಪಿಐ ವಹಿವಾಟಿನ ಸಂಖ್ಯೆ 2000 ಕೋಟಿ ದಾಟಿತು. ಅಷ್ಟು ಸಲ ಫೋನಿನ ಪರದೆ ಬಗ್ಗಿ ನೋಡಿ ವ್ಯಾಪಾರ ಮಾಡಲು ಯಾರಿಂದ ಆಗುತ್ತದೆ?

ಈಗ ಒಂದು ಪ್ರಶ್ನೆ. ನಾನು ಅಂಗಡಿಯಲ್ಲೇ ನಿಂತಿದ್ದೆ. ಡಬ್ಬಿ ನನ್ನಿಂದ ಮೂರು ಅಡಿ ದೂರದಲ್ಲಿತ್ತು. ನನ್ನ ಫೋನು ನೇರವಾಗಿ ಡಬ್ಬಿಗೇ ಹೇಳಬಹುದಿತ್ತಲ್ಲ? ಸುದ್ದಿ ಮುಂಬೈಗೆ ಹೋಗಿ ಬರಬೇಕಾ?

ಮೊದಲ ಉತ್ತರ ಸುಲಭ. ಹಾಗೆ ಮಾಡಿದರೆ ಮತ್ತೆ ನನ್ನ ಫೋನನ್ನೇ ನಂಬಿದ ಹಾಗಾಯಿತು. ಎರಡನೇ ಉತ್ತರ ಸ್ವಲ್ಪ ಒಳಗಿನದು. ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿದ್ದೂ ಅದನ್ನೇ.

ಅಂಗಡಿಯ ಡಬ್ಬಿಗೆ ಇಂಟರ್‌ನೆಟ್ಟಿನಲ್ಲಿ ಸ್ವಂತ ವಿಳಾಸವೇ ಇಲ್ಲ. ವಠಾರದ ಹಾಗೆ. ಹೊರಗೆ ಒಂದೇ ಡೋರ್ ನಂಬರು. ಒಳಗೆ ನಲವತ್ತು ಮನೆ. ಹೊರಗಿನಿಂದ ಪೋಸ್ಟ್‌ಮ್ಯಾನ್ ಬಂದರೆ ಒಳಗಿನ ಮೂವತ್ತೇಳನೇ ಮನೆ ಯಾವುದು ಅಂತ ಗೊತ್ತಾಗುವುದಿಲ್ಲ. ಮೊಬೈಲ್ ಕಂಪನಿಗಳು, ವೈಫೈ ಡಬ್ಬಿಗಳು ಎಲ್ಲ ಸಾಮಾನ್ಯವಾಗಿ ಹೀಗೇ ವಠಾರ ಕಟ್ಟಿಕೊಂಡಿವೆ. ಹಾಗಾಗಿ ಹೊರಗಿನವರು ಯಾರೂ ನಿಮ್ಮ ಡಬ್ಬಿಗೆ ತಾವಾಗಿ ಫೋನ್ ಮಾಡಲಾರರು. ಆದರೆ ಒಳಗಿನವನು ಹೊರಗೆ ಹೋಗಬಹುದಲ್ಲ? ಡಬ್ಬಿ ಅದನ್ನೇ ಮಾಡುತ್ತದೆ. ಬೆಳಗ್ಗೆ ಆನ್ ಆದ ಕೂಡಲೇ ಪೋಸ್ಟ್ ಆಫೀಸಿಗೆ ಹೋಗಿ ಕೌಂಟರ್ ಮುಂದೆ ನಿಂತುಬಿಡುತ್ತದೆ. 'ನನಗೇನಾದರೂ ಬಂದರೆ ಕೊಡಿ, ಇಲ್ಲೇ ಇರುತ್ತೇನೆ.' ಕೆಲವು ನಿಮಿಷಕ್ಕೊಮ್ಮೆ 'ಇದ್ದೀನಿ' ಎನ್ನುತ್ತದೆ. ಅಂಗಡಿ ಮುಚ್ಚುವ ತನಕ ಹಾಗೇ ನಿಂತಿರುತ್ತದೆ.

ಆ ಪೋಸ್ಟ್ ಆಫೀಸೇ ಕ್ಲೌಡು.

ಕ್ಲೌಡ್ ಅಂದರೆ ಏನೋ ದೊಡ್ಡ ಮೆದುಳು, ಎಲ್ಲವನ್ನೂ ಯೋಚನೆ ಮಾಡುತ್ತದೆ ಅಂದುಕೊಳ್ಳುತ್ತಾರೆ. ಯೋಚನೆ ಆಮೇಲಿನ ಮಾತು. ಅದರ ಮೊದಲ ಕೆಲಸ ಕಾಯುವುದು. ಎರಡನೇ ಕೆಲಸ ನೆನಪಿಟ್ಟುಕೊಳ್ಳುವುದು. ಡಬ್ಬಿ ಬರುತ್ತದೆ, ಹೋಗುತ್ತದೆ, ಕರೆಂಟ್ ಹೋದಾಗ ಮಲಗುತ್ತದೆ. ನಿಮ್ಮ ಫೋನೂ ಹಾಗೇ. ಇಬ್ಬರೂ ಒಂದೇ ಹೊತ್ತಿಗೆ ಎಚ್ಚರ ಇರುತ್ತಾರೆ ಎಂಬ ಖಾತ್ರಿ ಇಲ್ಲ. ಇಬ್ಬರಿಗೂ ಗೊತ್ತಿರುವ, ಬಾಗಿಲು ಹಾಕದ ಒಂದು ಜಾಗ ನಡುವೆ ಬೇಕು.

ಈ ಪೋಸ್ಟ್ ಆಫೀಸಿಗೂ ಒಂದು ಭಾಷೆ ಇದೆ. ಹೆಸರು ಎಂಕ್ಯುಟಿಟಿ. 1999ರಲ್ಲಿ ಐಬಿಎಂನ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್, ಆರ್ಕಾಮ್ ಕಂಪನಿಯ ಆರ್ಲೆನ್ ನಿಪ್ಪರ್ ಎಂಬಿಬ್ಬರು ಇದನ್ನು ಮಾಡಿದ್ದು ಅಂಗಡಿಗಲ್ಲ. ಮರುಭೂಮಿಯಲ್ಲಿ ಹಾದುಹೋಗುವ ಎಣ್ಣೆ ಪೈಪಿನ ಒತ್ತಡವನ್ನು ದೂರದಿಂದ ನೋಡಬೇಕಿತ್ತು. ಸುದ್ದಿ ಉಪಗ್ರಹದ ಮೂಲಕ ಬರಬೇಕು. ಉಪಗ್ರಹಕ್ಕೆ ಕೊಡುವ ಬಾಡಿಗೆ ಭಯಂಕರ. ಒಂದೊಂದು ಅಕ್ಷರಕ್ಕೂ ಕಾಸು. ಅದಕ್ಕೇ ಆ ಭಾಷೆಯಲ್ಲಿ ಮಾತು ಬಹಳ ಕಮ್ಮಿ. ಸಂದೇಶದ ತಲೆಬರಹ ಎರಡು ಬೈಟಿನಷ್ಟು ಚಿಕ್ಕದಿರಬಹುದು. ಹಳೇ ಕಾಲದ ಟೆಲಿಗ್ರಾಂ ಬರೆದ ಹಾಗೆ. ಇಪ್ಪತ್ತು ವರ್ಷದ ಮೇಲೆ ಮರುಭೂಮಿಯ ಆ ಜಿಪುಣತನ ಟೀ ಅಂಗಡಿಗಳಂಥ ಕಡೆ ಉಪಯೋಗಕ್ಕೆ ಬಂತು.

ಆ ಭಾಷೆಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಏರ್ಪಾಡಿದೆ. ಅದರ ಹೆಸರೇ ವಿಲ್. ನಮ್ಮಲ್ಲಿ ಹಿರಿಯರು ಆಸ್ತಿಗೆ ಬರೆದಿಡುತ್ತಾರಲ್ಲ, ಅದೇ ವಿಲ್. ಡಬ್ಬಿ ಕೌಂಟರಿಗೆ ಬಂದ ಕೂಡಲೇ ಒಂದು ಚೀಟಿ ಕೊಟ್ಟಿರಬಹುದು. 'ನಾನು ಹೇಳದೆ ಕೇಳದೆ ಕಾಣೆಯಾದರೆ ಈ ಚೀಟಿಯನ್ನು ಇಂಥವರಿಗೆ ಕೊಡಿ.' 'ಇದ್ದೀನಿ' ಎಂಬ ಸದ್ದು ನಿಂತ ಸ್ವಲ್ಪ ಹೊತ್ತಿಗೆ ಕ್ಲೌಡು ಆ ಚೀಟಿಯನ್ನು ಸೇರಬೇಕಾದವರಿಗೆ ಸೇರಿಸುತ್ತದೆ. ಸತ್ತವನು ಬಂದು ನಾನು ಸತ್ತೆ ಅಂತ ಹೇಳುವುದಿಲ್ಲ ತಾನೇ? ಅದಕ್ಕೆ ಮೊದಲೇ ಬರೆದಿಡಬೇಕು. ಈ ಒಂದು ಸಣ್ಣ ಏರ್ಪಾಡು ಇಲ್ಲದ ಕಾರಣಕ್ಕೆ ಎಷ್ಟು ಕೋಲ್ಡ್ ಸ್ಟೋರೇಜುಗಳಲ್ಲಿ ಎಚ್ಚರಿಕೆಯ ಡಬ್ಬಿಯೇ ಮೊದಲು ಸತ್ತು, ಎಲ್ಲರೂ ನೆಮ್ಮದಿಯಾಗಿ ಮಲಗಿದ್ದರೋ!

ಇನ್ನು ಆ ಪೋಸ್ಟ್ ಆಫೀಸು ಎಲ್ಲಿದೆ? ಮೋಡದಲ್ಲಿಲ್ಲ. ಕಟ್ಟಡದಲ್ಲಿದೆ. ಅಮೆಜಾನಿನವರದು ಮುಂಬೈಯಲ್ಲಿ 2016ರಿಂದ ಇದೆ, ಹೈದರಾಬಾದಿನಲ್ಲಿ 2022ರಿಂದ. ಮೈಕ್ರೋಸಾಫ್ಟಿನವರು 2015ರಲ್ಲೇ ಪುಣೆ, ಚೆನ್ನೈ, ಮುಂಬೈಗೆ ಬಂದರು. ಗೂಗಲ್ಲಿನದು ಮುಂಬೈ, ದೆಹಲಿ. ಸಾಲು ಸಾಲು ಕಂಪ್ಯೂಟರು, ತಣ್ಣಗಿಡಲು ದೊಡ್ಡ ದೊಡ್ಡ ಏಸಿ, ಜನರೇಟರು. ಅಮೆಜಾನ್ ಈ ಬಾಡಿಗೆ ವ್ಯಾಪಾರ ಶುರು ಮಾಡಿದ್ದು 2006ರಲ್ಲಿ. ಅದಕ್ಕೂ ಮುಂಚೆ ಇಂಥ ಡಬ್ಬಿ ಮಾರಬೇಕು ಎಂದರೆ ಮೊದಲು ನೀವೇ ಸರ್ವರ್ ರೂಮು ಕಟ್ಟಬೇಕಿತ್ತು. ಯುಗಾದಿ ಹಿಂದಿನ ಸಂಜೆಯ ಗಲಾಟೆಗೆ ಬೇಕಾಗುವಷ್ಟು ದೊಡ್ಡದು ಕಟ್ಟಿದರೆ ಉಳಿದ ದಿನ ಅದು ಖಾಲಿ. ಈಗ ಆ ಸಂಜೆಗೆ ಮಾತ್ರ ಜಾಸ್ತಿ ಬಾಡಿಗೆಗೆ ತಗೊಳ್ಳಬಹುದು. ಮದುವೆಗೆ ಶಾಮಿಯಾನ ತಂದ ಹಾಗೆ. ಇದರ ಬಗ್ಗೆ ಇಷ್ಟು ಸಾಕು. ಹಾಲಿಗೆ ಹೋಗೋಣ.

ಇಲ್ಲಿ ಸೆಕ್ರೆಟರಿಗಳು ಇದ್ದೀರಿ, ತಪ್ಪಿದ್ದರೆ ತಿದ್ದಿ. ಕರೆದ ಹಾಲು ಹೆಚ್ಚುಕಡಿಮೆ 37 ಡಿಗ್ರಿ ಇರುತ್ತದೆ. ಅದನ್ನು ಬಿಎಂಸಿ, ಅಂದರೆ ಎಲ್ಲರ ಹಾಲನ್ನೂ ಒಟ್ಟಿಗೆ ತಣ್ಣಗೆ ಮಾಡುವ ಬಲ್ಕ್ ಮಿಲ್ಕ್ ಕೂಲರ್, ಟ್ಯಾಂಕಿಗೆ ಸುರಿದು 4 ಡಿಗ್ರಿಗೆ ಇಳಿಸಬೇಕು. ತಡವಾದಷ್ಟೂ ಹಾಲಿನೊಳಗಿನ ಸೂಕ್ಷ್ಮಜೀವಿಗಳ ಸಂಸಾರ ಬೆಳೆಯುತ್ತಾ ಹೋಗುತ್ತದೆ. ಟ್ಯಾಂಕರು ಬಂದಾಗ ಹಾಲು ಪಾಸಾಗದಿದ್ದರೆ ಒಬ್ಬರದಲ್ಲ, ಅಷ್ಟೂ ಮನೆಯ ಹಾಲು ಹೋಯಿತು.

ಇಂಥ ಟ್ಯಾಂಕಿಗೆ ನಾವು ಒಂದು ಡಬ್ಬಿ ಕೂರಿಸುತ್ತೇವೆ. ಟ್ಯಾಂಕಿನ ಉಷ್ಣತೆ, ಹಾಲು ಎಷ್ಟಿದೆ, ಕಂಪ್ರೆಸರ್ ಓಡುತ್ತಿದೆಯಾ, ಕರೆಂಟ್ ಇದೆಯಾ, ಜನರೇಟರ್ ಶುರುವಾಯಿತಾ, ಇವನ್ನು ಅದು ನೋಡುತ್ತದೆ.

ನಾನು ಮೊದಲ ಸಲ ಇದನ್ನು ಮಾಡಿದಾಗ ನಿಯಮ ಬಹಳ ಸರಳವಾಗಿ ಬರೆದಿದ್ದೆ. 6 ಡಿಗ್ರಿ ದಾಟಿದರೆ ಸೆಕ್ರೆಟರಿ ಫೋನಿಗೆ ಮೆಸೇಜು ಹೋಗಲಿ. ಬುದ್ಧಿವಂತಿಕೆ ಅಂದುಕೊಂಡೆ. ಏನಾಯಿತು ಗೊತ್ತಾ? ದಿನಾ ಎರಡು ಸಲ ಮೆಸೇಜು. ಬೆಳಗ್ಗೆ ಒಂದು, ಸಂಜೆ ಒಂದು. ತಣ್ಣಗಿದ್ದ ಬೆಳಗಿನ ಹಾಲಿನ ಮೇಲೆ ಸಂಜೆಯ ಬಿಸಿ ಹಾಲು ಬಿದ್ದರೆ ಉಷ್ಣತೆ ಏರದೆ ಇನ್ನೇನಾಗುತ್ತದೆ? ಒಂದು ವಾರಕ್ಕೆ ಸೆಕ್ರೆಟರಿ ನಮ್ಮ ನಂಬರನ್ನೇ ಬ್ಲಾಕ್ ಮಾಡಿದರು. ನಮ್ಮವ್ವನಿಗೆ ಹೇಳಿದೆ. 'ಹಾಲು ಹಾಕೋ ಹೊತ್ತು ಅಂತ ಒಂದಿರುತ್ತೆ ಅಂತ ನಿನ್ನ ಡಬ್ಬಿಗೆ ಯಾರೂ ಹೇಳಿಕೊಡಲಿಲ್ವಾ?' ಎಂದಳು. ಬೆಂಗಳೂರಿನ ಮೀಟಿಂಗ್ ರೂಮಿನಲ್ಲಿ ಆರು ಜನ ಇಂಜಿನಿಯರುಗಳಿಗೆ ಹೊಳೆಯದ ಮಾತು.

ಅಲ್ಲಿಂದ ನೋಡುವ ರೀತಿ ಬದಲಾಯಿತು. ಈಗ ಎಷ್ಟು ಡಿಗ್ರಿ ಎನ್ನುವುದಕ್ಕಿಂತ ಹಾಲು ಸುರಿದ ಮೇಲೆ ಎಷ್ಟು ಹೊತ್ತಿಗೆ ಇಳಿಯಿತು ಎನ್ನುವುದು ಮುಖ್ಯ. ಹೋದ ತಿಂಗಳು ಇದೇ ಟ್ಯಾಂಕು, ಇಷ್ಟೇ ಹಾಲು, ಎಷ್ಟು ಹೊತ್ತು ತಗೊಂಡಿತ್ತು? ಪಕ್ಕದೂರಿನ ಟ್ಯಾಂಕು ಎಷ್ಟು ತಗೊಳ್ಳುತ್ತದೆ? ದಿನಕ್ಕೆ ಎರಡು ನಿಮಿಷ, ಮೂರು ನಿಮಿಷ ಜಾಸ್ತಿಯಾಗುತ್ತಾ ಬಂದರೆ ಗ್ಯಾಸ್ ಸೋರುತ್ತಿರಬಹುದು, ಇಲ್ಲವೇ ಕಂಡೆನ್ಸರಿಗೆ ದೂಳು ಕೂತಿರಬಹುದು. ಕೆಡುವ ಮುಂಚೆ ಮೆಕ್ಯಾನಿಕ್ ಕರೆಸಬಹುದು. ಡಬ್ಬಿಗೆ ಗೊತ್ತಿರುವುದು ಅದರ ಈಗಿನ ಕಥೆ ಮಾತ್ರ. ನಿನ್ನೆಯದು ಮತ್ತು ನೆರೆಯವರದು ಗೊತ್ತಿರುವುದು ಕ್ಲೌಡಿಗೆ. ವ್ಯಾಪಾರಕ್ಕೆ ದುಡ್ಡು ಉಳಿಯುವುದು ಅಲ್ಲಿ.

ಹಾಗಂತ ಎಲ್ಲವನ್ನೂ ಕ್ಲೌಡಿಗೆ ಒಪ್ಪಿಸಿಬಿಡೋಣ ಎಂದು ಹೊರಡುವವರಿದ್ದಾರೆ. ಒಂದು ಸಲ ಒಬ್ಬ ಹುಡುಗ ನನಗೆ ಚಿತ್ರ ಬರೆದು ತೋರಿಸಿದ. ಟ್ಯಾಂಕಿನ ಉಷ್ಣತೆ ಕ್ಲೌಡಿಗೆ ಹೋಗುತ್ತದೆ, ಕ್ಲೌಡು ಲೆಕ್ಕ ಹಾಕಿ ಕಂಪ್ರೆಸರ್ ಆನ್ ಮಾಡು ಎನ್ನುತ್ತದೆ, ಆಗ ಕಂಪ್ರೆಸರ್ ಓಡುತ್ತದೆ. ನಾನು ಕೇಳಿದೆ, ಅರಕಲಗೂಡು ಕಡೆ ಹಳ್ಳಿಯೊಂದರಲ್ಲಿ ಹಾಲು ತಣ್ಣಗಾಗಲು ಮುಂಬೈ ಅಪ್ಪಣೆ ಬೇಕಾ? ಮಳೆಗಾಲದಲ್ಲಿ ಟವರ್ ಬಿದ್ದರೆ? ಉಷ್ಣತೆ ನೋಡಿ ತಾನೇ ಆನ್-ಆಫ್ ಮಾಡುವ ಒಂದು ಸಣ್ಣ ಥರ್ಮೋಸ್ಟ್ಯಾಟಿನ ಕೆಲಸವನ್ನು ಯಾಕೆ ಸಾವಿರ ಕಿಲೋಮೀಟರ್ ಆಚೆ ಕಳಿಸುತ್ತೀಯ?

ಕೆಟ್ಟರೆ ನಷ್ಟವಾಗುವ ತೀರ್ಮಾನ ಡಬ್ಬಿಯಲ್ಲೇ ಆಗಬೇಕು. ಸುದ್ದಿ ಮಾತ್ರ ಮುಂಬೈಗೆ ಹೋಗಲಿ. ಟವರ್ ಇಲ್ಲದಾಗ ಡಬ್ಬಿ ಬರೆದಿಟ್ಟುಕೊಳ್ಳಲಿ. ಐದು ನಿಮಿಷಕ್ಕೊಂದರಂತೆ ಒಂದು ತಿಂಗಳು ಬರೆದರೂ 8,640 ಸಾಲು. ನಿಮ್ಮ ಫೋನಿನ ಒಂದು ಫೋಟೊದ ಹತ್ತನೇ ಒಂದು ಪಾಲು ಜಾಗವೂ ಬೇಡ. ಟವರ್ ಬಂದ ಮೇಲೆ ಎಲ್ಲ ಒಟ್ಟಿಗೆ ಕಳಿಸಿದರಾಯಿತು.

ಇದರಲ್ಲೂ ನಾವು ಎಡವಿದ್ದೇವೆ. ಒಂದು ದಿನ ನಮ್ಮ ಪರದೆಯ ಮೇಲೆ ಒಂದು ಸಾಲು ಬಂತು. ಇಂಥ ಊರಿನ ಟ್ಯಾಂಕು, 9 ಡಿಗ್ರಿ, ತಾರೀಕು 1970ರ ಜನವರಿ 1. ಆಗ ನಾನೇ ಹುಟ್ಟಿರಲಿಲ್ಲ! ಆಗಿದ್ದು ಇಷ್ಟು. ಕರೆಂಟು ಹೋಗಿ, ಒಳಗಿನ ಸಣ್ಣ ಬ್ಯಾಟರಿಯೂ ಖಾಲಿಯಾಗಿ, ಡಬ್ಬಿಗೆ ಹೊತ್ತು ಮರೆತುಹೋಗಿತ್ತು. ಹೆಚ್ಚಿನ ಕಂಪ್ಯೂಟರುಗಳು ದಿನ ಎಣಿಸುವುದು 1970ರಿಂದ. ನೆಟ್‌ವರ್ಕಿನಿಂದ ಸರಿಯಾದ ಸಮಯ ಕೇಳಿ ತಿಳಿದುಕೊಳ್ಳುವ ಮುಂಚೆಯೇ ಅದು ಅವಸರಪಟ್ಟು ಬರೆದುಬಿಟ್ಟಿತ್ತು. ಹಾಲು ಯಾವತ್ತು ಬಿಸಿಯಾಯಿತು ಅಂತ ಗೊತ್ತಾಗದಿದ್ದರೆ ಆ ಲೆಕ್ಕಕ್ಕೆ ಬೆಲೆ ಇಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ನಮ್ಮ ಸರ್ವರನ್ನು ಒಂದು ರಾತ್ರಿ ಐದು ನಿಮಿಷ ನಿಲ್ಲಿಸಿ ಮತ್ತೆ ಹಾಕಿದೆವು. ಸುಮ್ನೆ ಒಂದು ರಿಪೇರಿ. ಕೆಲವು ಸಾವಿರ ಡಬ್ಬಿಗಳು ಹೊರಗೆ ಕಾಯುತ್ತಿದ್ದವು. ಬಾಗಿಲು ತೆಗೆದ ಕೂಡಲೇ ಅಷ್ಟೂ ಒಂದೇ ಸೆಕೆಂಡಿನಲ್ಲಿ ನುಗ್ಗಿದವು. ಸರ್ವರು ಬಿತ್ತು. ಎಬ್ಬಿಸಿದೆವು. ಮತ್ತೆ ನುಗ್ಗಿದವು. ಮತ್ತೆ ಬಿತ್ತು. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ಕಿನಲ್ಲಿ ಹಾಸನದ ಬಸ್ಸು ಬಂದಾಗ ಬಾಗಿಲಲ್ಲಿ ಏನಾಗುತ್ತದೋ ಅದೇ. ಬೆಳಗಿನ ಜಾವ ನಾಲ್ಕರ ತನಕ ಇದೇ ಆಟ. ಪರಿಹಾರ ಆಮೇಲೆ ನೋಡಿದರೆ ಒಂದು ಸಾಲಿನದು. ಪ್ರತಿ ಡಬ್ಬಿಯೂ ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಬರಲಿ. ಒಂದು ಮೂರು ಸೆಕೆಂಡು, ಇನ್ನೊಂದು ತೊಂಬತ್ತು. ಸಿಗದಿದ್ದರೆ ಮುಂದಿನ ಸಲ ಇನ್ನೂ ಜಾಸ್ತಿ ಕಾಯಲಿ. ಮನುಷ್ಯರಿಗೆ ಕ್ಯೂ ಕಲಿಸುವುದು ಕಷ್ಟ. ಡಬ್ಬಿಗೆ ಕಲಿಸಬಹುದು.

ಖರ್ಚಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ನೂರು ಟ್ಯಾಂಕು, ಹತ್ತು ಸೆಕೆಂಡಿಗೊಂದು ಸುದ್ದಿ ಎಂದರೆ ತಿಂಗಳಿಗೆ ಎರಡೂವರೆ ಕೋಟಿಗೂ ಮೇಲೆ. ಹತ್ತು ಲಕ್ಷ ಸುದ್ದಿಗೆ ಸುಮಾರು ಒಂದು ಡಾಲರಿನ ಲೆಕ್ಕ ಹಿಡಿದರೆ 26 ಡಾಲರು. ಅಯ್ಯೋ ಇಷ್ಟೇನಾ ಅನ್ನಿಸುತ್ತದೆ. ಆದರೆ ನಿಮ್ಮ ಜೇಬು ಖಾಲಿ ಮಾಡುವುದು ಅದಲ್ಲ. ನೂರು ಸಿಮ್ಮಿನ ರೀಚಾರ್ಜು, ಕಳಿಸಿದ್ದನ್ನೆಲ್ಲ ವರ್ಷಗಟ್ಟಲೆ ಕೂಡಿಡುವ ಬಾಡಿಗೆ, ಕೆಟ್ಟ ಸೆನ್ಸರ್ ಬದಲಿಸಲು ಬೈಕಿನಲ್ಲಿ ಹೋಗುವ ಹುಡುಗನ ಪೆಟ್ರೋಲು. ಈ ಮೂರನೆಯದನ್ನು ಯಾವ ಕಂಪನಿಯೂ ತನ್ನ ಚಂದದ ಪಿಪಿಟಿಯಲ್ಲಿ ತೋರಿಸುವುದಿಲ್ಲ.

ಈಗ ಪೋಸ್ಟ್ ಆಫೀಸೇ ಬಾಗಿಲು ಹಾಕಿದರೆ? ಹಾಕುವುದಿಲ್ಲ ಅಂದುಕೊಳ್ಳಬೇಡಿ. ಇಂಥ ಡಬ್ಬಿಗಳನ್ನು ಕೂಡಿಸಲೆಂದೇ ಗೂಗಲ್ಲಿನವರು ಐಒಟಿ ಕೋರ್ ಎಂಬ ಸೇವೆ ಇಟ್ಟಿದ್ದರು. 2022ರ ಆಗಸ್ಟಿನಲ್ಲಿ ಮುಚ್ಚುತ್ತೇವೆ ಎಂದರು. ಒಂದು ವರ್ಷ ಟೈಮ್ ಕೊಟ್ಟು 2023ರ ಆಗಸ್ಟ್ 16ಕ್ಕೆ ಮುಚ್ಚಿದರು. ಅವರು ಮರ್ಯಾದಸ್ಥರು, ಹೇಳಿ ಮುಚ್ಚಿದರು. ಅಮೆರಿಕದ ಇನ್‌ಸ್ಟಿಯಾನ್ ಎಂಬ ಕಂಪನಿ ಮನೆಯ ಸ್ವಿಚ್ಚು, ಲೈಟುಗಳನ್ನು ಫೋನಿನಿಂದ ನಡೆಸುವ ಸಾಮಾನು ಮಾಡುತ್ತಿತ್ತು. 2022ರ ಏಪ್ರಿಲಿನಲ್ಲಿ ಅದರ ಸರ್ವರುಗಳು ಹೇಳದೆ ಕೇಳದೆ ನಿಂತುಹೋದವು. ಜನ ಆ್ಯಪ್ ಒತ್ತುತ್ತಾರೆ, ಏನೂ ಆಗುವುದಿಲ್ಲ. ಕೊನೆಗೆ ಆ ಗಿರಾಕಿಗಳಲ್ಲೇ ಕೆಲವರು ದುಡ್ಡು ಹಾಕಿ ಕಂಪನಿ ಕೊಂಡು ಮತ್ತೆ ನಡೆಸಿದರು.

ಮುಚ್ಚುವುದೇ ಬೇಕಿಲ್ಲ, ಒಂದು ದಿನ ತೊದಲಿದರೂ ಸಾಕು. 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನಿನ ಕ್ಲೌಡು ಎಡವಿತು. ಒಳಗಿನ ಒಂದು ವಿಳಾಸ ಪುಸ್ತಕದ ತಪ್ಪು. ಅಲ್ಲಿ ಇಂಟರ್‌ನೆಟ್ಟಿಗೆ ಕೂಡಿಸಿದ ಹಾಸಿಗೆ ಸಿಗುತ್ತದೆ, ಏಟ್ ಸ್ಲೀಪ್ ಅಂತ. ಬಿಸಿ ಬೇಕಾ ತಂಪು ಬೇಕಾ ಫೋನಿನಲ್ಲಿ ಹೇಳಬೇಕು. ಆ ರಾತ್ರಿ ಕೆಲವರ ಹಾಸಿಗೆ ಬಿಸಿಯಲ್ಲೇ ನಿಂತುಬಿಟ್ಟಿತು. ಕ್ಲೌಡು ಇಲ್ಲದಾಗಲೂ ಬ್ಲೂಟೂತ್‌ನಲ್ಲಿ ನಡೆಸುವ ಹಾದಿಯನ್ನು ಕಂಪನಿ ಆಮೇಲೆ ಮಾಡಿಕೊಟ್ಟಿತು. ನಗಬೇಡಿ. ಹಾಸಿಗೆ ಇದ್ದ ಜಾಗದಲ್ಲಿ ನಿಮ್ಮ ಹಾಲಿನ ಟ್ಯಾಂಕು ಇಟ್ಟು ನೋಡಿ.

ಕ್ಯಾಮೆರಾ ಬಗ್ಗೆಯೂ ಒಂದು ಮಾತು. ಇಲ್ಲಿ ಎಷ್ಟೋ ಜನ ಅಂಗಡಿಗೆ ಹಾಕಿಸಿದ್ದೀರಿ. 2021ರ ಮಾರ್ಚಿನಲ್ಲಿ ವರ್ಕಾಡ ಎಂಬ ಅಮೆರಿಕದ ಕಂಪನಿಯ ಕ್ಲೌಡಿನೊಳಗೆ ಹ್ಯಾಕರುಗಳು ಹೋದರು. ಬೀಗ ಒಡೆಯಲಿಲ್ಲ. ಎಲ್ಲ ಬಾಗಿಲಿಗೂ ಆಗುವ ಒಂದು ಬೀಗದ ಕೈ ಇಂಟರ್‌ನೆಟ್ಟಿನಲ್ಲಿ ಬಿದ್ದಿತ್ತು, ಎತ್ತಿಕೊಂಡರು. ಆಸ್ಪತ್ರೆ, ಜೈಲು, ಟೆಸ್ಲಾ ಕಾರ್ಖಾನೆ ಸೇರಿ ಸುಮಾರು 1,50,000 ಕ್ಯಾಮೆರಾಗಳಿಗೆ ದಾರಿ ಸಿಕ್ಕಿತು. ಎಲ್ಲ ಒಂದೇ ಕಡೆ ಇಟ್ಟರೆ ನೋಡಿಕೊಳ್ಳುವುದು ಸುಲಭ, ಕದಿಯುವುದೂ ಸುಲಭ. ನಿಮ್ಮ ಕ್ಯಾಮೆರಾ ಪಾಸ್‌ವರ್ಡ್ ಇನ್ನೂ 'ಅಡ್ಮಿನ್' ಅಂತಲೇ ಇದ್ದರೆ ಇವತ್ತು ಮನೆಗೆ ಹೋಗಿ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮು ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾಗಳನ್ನೆಲ್ಲ ಹಿಡಿದು ಸೈನ್ಯ ಮಾಡಿಕೊಂಡಿತ್ತು. ಒಂದು ದಿನ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಮುಗ್ಗರಿಸಿದವು.

ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆ ಕೇಳಿ.

ಮೊದಲು ಎದ್ದವರು ಒಬ್ಬ ಬೇಕರಿಯವರು. 'ಸಾರ್, ನೀವು ಡಬ್ಬಿ ಪೆದ್ದು ಅಂದ್ರಿ. ಹೋದ ವರ್ಷ ಜಿಎಸ್‌ಟಿ ನೋಟಿಸ್ ಬಂದಿದ್ದು ಈ ಪೆದ್ದಿನಿಂದಾನೇ ಅಲ್ವಾ?'

ಎಲ್ಲರೂ ನಕ್ಕರು. ಅವರು ನಗಲಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು, ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಎಂಬ ಚೀಟಿ ಅಂಟಿದ್ದು ಎಲ್ಲರಿಗೂ ನೆನಪಿದೆ. ನಾನು ಹೇಳಿದೆ: ಡಬ್ಬಿ ಕೂಗಿ ಮರೆತುಬಿಡುತ್ತದೆ ಅಣ್ಣ. ಡಬ್ಬಿ ಇಲ್ಲದೆ ಬರೀ ಕ್ಯೂಆರ್ ಚೀಟಿ ಅಂಟಿಸಿದ್ದರೂ ಲೆಕ್ಕ ಬ್ಯಾಂಕಿನಲ್ಲಿ, ಕಂಪನಿಯ ಕ್ಲೌಡಿನಲ್ಲಿ ಇದ್ದೇ ಇರುತ್ತಿತ್ತು. ಪಾವತಿಯ ಲೆಕ್ಕ ಭಾರತದೊಳಗೇ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲಿನಲ್ಲಿ ಆದೇಶ ಮಾಡಿದೆ. ಅದೇ ಲೆಕ್ಕ ನೋಡಿ ನಿಮಗೆ ಸಾಲ ಕೊಡುತ್ತೇವೆ ಅಂತಲೂ ಫೋನ್ ಬರುತ್ತದಲ್ಲ? ನೆನಪಿಟ್ಟುಕೊಳ್ಳುವವನು ಯಾರು ಕೇಳಿದರೆ ಹೇಳುತ್ತಾನೆ ಎನ್ನುವುದನ್ನು ಡಬ್ಬಿ ತಗೊಳ್ಳುವ ದಿನವೇ ಕೇಳಿಕೊಳ್ಳಬೇಕು. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ನನಗೂ ಆಗಿಲ್ಲ.

ಸಕಲೇಶಪುರದ ಕಡೆಯ ಒಬ್ಬ ಮೇಡಂ ಹೋಂಸ್ಟೇ ನಡೆಸುತ್ತಾರೆ. ಅಲ್ಲಿ ಮಳೆ ಹಿಡಿದರೆ ನೆಟ್‌ವರ್ಕ್ ನಾಲ್ಕು ದಿನ ಇರುವುದಿಲ್ಲ. ಬಾಗಿಲಿಗೆ ಸ್ಮಾರ್ಟ್ ಲಾಕ್ ಹಾಕಿಸಬಹುದಾ ಎಂದು ಕೇಳಿದರು. ಅಂಗಡಿಯವನ ಎದುರೇ ನೆಟ್ ಆಫ್ ಮಾಡಿಸಿ, ಬಾಗಿಲು ತೆಗೆದು ತೋರಿಸು ಅನ್ನಿ ಎಂದೆ. ತೆಗೆದರೆ ತಗೊಳ್ಳಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಯಜಮಾನರು ಕೈ ಎತ್ತಿದರು. ಹೊಳೆನರಸೀಪುರದ ಕಡೆಯ ಒಂದು ಸೊಸೈಟಿಯ ಸೆಕ್ರೆಟರಿ. ನಿಧಾನಕ್ಕೆ ಎದ್ದು ನಿಂತು ಹೇಳಿದರು.

'ನಮ್ಮ ಡೇರಿಗೂ ಎರಡು ವರ್ಷದ ಹಿಂದೆ ಡಬ್ಬಿ ಕೂರಿಸಿದಾರೆ ಕಣಪ್ಪ. ಬಹಳ ಚೆನ್ನಾಗಿದೆ. ಮೂರು ತಿಂಗಳಿಂದ 4.0 ತೋರಿಸ್ತಾ ಇದೆ. ಒಂದು ಪಾಯಿಂಟೂ ಅಲುಗಾಡಿಲ್ಲ. ಬೆಳಗ್ಗೆ ನೋಡಿದ್ರೂ ಅಷ್ಟೇ, ಸಂಜೆ ಹಾಲು ಹುಯ್ಯೋವಾಗ ನೋಡಿದ್ರೂ ಅಷ್ಟೇ. ಒಂದು ಮೆಸೇಜೂ ಬಂದಿಲ್ಲ. ಇದು ಒಳ್ಳೇದು ತಾನೇ?'

ನನ್ನ ಹೊಟ್ಟೆಯಲ್ಲಿ ಏನೋ ಕದಲಿತು. ಬಿಸಿ ಹಾಲು ಬಿದ್ದರೂ ಅಲುಗಾಡದ ಸೆನ್ಸರು ಸತ್ತಿರುತ್ತದೆ. ಡಬ್ಬಿ ಬದುಕಿದೆ, 'ಇದ್ದೀನಿ' ಎನ್ನುತ್ತಿದೆ, ಹಾಗಾಗಿ ವಿಲ್ ಹೊರಗೆ ಬಂದಿಲ್ಲ. ಕ್ಲೌಡು ಮೂರು ತಿಂಗಳಿಂದ 4.0, 4.0 ಅಂತ ತಪ್ಪದೆ ಬರೆದಿಟ್ಟಿದೆ. ಇಷ್ಟು ದಿನ ಅಂಕಿ ಕದಲದಿದ್ದರೆ ಯಾರಿಗಾದರೂ ಹೇಳು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

'ಹಾಲು ಹೇಗಿದೆ ಯಜಮಾನ್ರೆ?' ಎಂದು ಕೇಳಿದೆ.

'ಹಾಲಿಗೇನಾಗಿದೆ? ಚೆನ್ನಾಗೇ ಇದೆ. ನಾನು ದಿನಾ ಕಡ್ಡಿ ಥರ್ಮಾಮೀಟರ್ ಅದ್ದಿ ಪುಸ್ತಕದಲ್ಲಿ ಬರಕೋತೀನಿ. ಡಬ್ಬಿ ಬರೋಕೂ ಮುಂಚಿನ ಅಭ್ಯಾಸ.'

ಡಬ್ಬಿಯ ಫೋಟೊ ಇದ್ದರೆ ತೋರಿಸಿ ಎಂದೆ. ಫೋನು ಸಾಲಿನಿಂದ ಸಾಲಿಗೆ ದಾಟಿ ವೇದಿಕೆಗೆ ಬಂತು. ಬೂದು ಬಣ್ಣದ ಡಬ್ಬಿ, ಬಲಗಡೆ ಎರಡು ಲೈಟು. ಸ್ಟಿಕ್ಕರ್ ಓದುವ ಅಗತ್ಯ ಬೀಳಲಿಲ್ಲ. ಆ ಮಾಡೆಲ್ಲಿನ ಸಾಫ್ಟ್‌ವೇರ್ ಬರೆದವರಲ್ಲಿ ನಾನೂ ಒಬ್ಬ.

ಸಭೆ ಮುಗಿದ ಮೇಲೆ ಅವರ ಸ್ಕೂಟರಿನ ಹಿಂದೆ ಕೂತು ಹೊರಟೆ. ದಾರಿಯಲ್ಲಿ ಆ ಪುಸ್ತಕ ಒಂದು ವಾರಕ್ಕೆ ಕೊಡುತ್ತೀರಾ ಎಂದು ಕೇಳಿದೆ. ಅವರು, ಬೇಕಾದರೆ ಅಲ್ಲೇ ಕೂತು ಬರಕೊಂಡು ಹೋಗು, ಪುಸ್ತಕ ಹೊರಗೆ ಕೊಡೋದಿಲ್ಲ ಎಂದರು.